ಬರೋಲೊ, ಬಾರ್ಬರೆಸ್ಕೊ: ದ್ರಾಕ್ಷಿ ಒಂದೇ, ವೈನ್ ಎರಡೇಕೆ?

ಪ್ರಶ್ನೆ: ಇಟಲಿಯ ಬರೋಲೊ, ಬಾರ್ಬರೆಸ್ಕೊ ಎರಡನ್ನೂ ನೆಬ್ಬಿಯೋಲೊ ಎಂಬ ಒಂದೇ ದ್ರಾಕ್ಷಿಯಿಂದ ಮಾಡುತ್ತಾರಂತೆ. ಊರುಗಳೂ ಹತ್ತಿರದವೇ. ಹಾಗಾದರೆ ಬಾರ್ಬರೆಸ್ಕೊ ಎಂದರೆ ಅಗ್ಗದ ಬರೋಲೊ ಎಂದುಕೊಳ್ಳಬಹುದೇ?

ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. ಬಹಳ ಮಂದಿ ಹೇಳುವ ಮಾತೇ ಇದು, ಆದರೆ ಆ ನೆಲಕ್ಕೆ ಒಪ್ಪುವ ಮಾತಲ್ಲ.

ಎರಡೂ ಊರುಗಳು ವಾಯವ್ಯ ಇಟಲಿಯ ಪಿಯೆಮೊಂಟೆಯಲ್ಲಿ, ಲಾಂಗೆ ಎಂಬ ಗುಡ್ಡಸಾಲಿನಲ್ಲಿವೆ. ನಡುವೆ ತಾನರೊ ನದಿಯ ದಂಡೆಯ ಆಲ್ಬಾ ಪಟ್ಟಣ. ಅದರ ನೈಋತ್ಯಕ್ಕೆ ಬರೋಲೊ, ಈಶಾನ್ಯಕ್ಕೆ ಬಾರ್ಬರೆಸ್ಕೊ. ಗುಡ್ಡದ ನೆತ್ತಿಗೊಂದು ಊರು, ಊರಿಗೊಂದು ಕೋಟೆಯೋ ಗೋಪುರವೋ, ಕೆಳಗೆ ಇಳಿಜಾರಿನುದ್ದಕ್ಕೂ ದ್ರಾಕ್ಷಿಯ ಸಾಲು. ಈ ಸೀಮೆಯ ದ್ರಾಕ್ಷಿತೋಟಗಳು 2014ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ನೆಬ್ಬಿಯೋಲೊ ಹಟಮಾರಿ ಬಳ್ಳಿ. ಬೇಗ ಚಿಗುರುತ್ತದೆ, ತಡವಾಗಿ, ಅಕ್ಟೋಬರ್ ಹೊತ್ತಿಗೆ ಹಣ್ಣಾಗುತ್ತದೆ. ಹಾಗಾಗಿ ದಕ್ಷಿಣದ ಬಿಸಿಲು ಬೀಳುವ ಒಳ್ಳೆಯ ಇಳಿಜಾರೆಲ್ಲ ಅದಕ್ಕೇ ಮೀಸಲು. ಬಿಸಿಲು ಕಡಿಮೆಯಿರುವ ಕಡೆ ಬೇರೆ ದ್ರಾಕ್ಷಿ, ಇಲ್ಲವೇ ಹೇಜಲ್‌ನಟ್ ಬೆಳೆಯುತ್ತಾರೆ. (ನುಟೆಲ್ಲಾ ಹುಟ್ಟಿದ್ದು ಇದೇ ಆಲ್ಬಾದಲ್ಲಿ.) ಈ ದ್ರಾಕ್ಷಿಯ ವೈನ್ ನೋಡಲು ತೆಳು ಕೆಂಪು, ವರ್ಷ ಕಳೆದಂತೆ ಅಂಚಿನಲ್ಲಿ ಇಟ್ಟಿಗೆ ಬಣ್ಣ. ಮೂಗಿಗೆ ಒಣಗಿದ ಗುಲಾಬಿ, ಡಾಂಬರು. ಬಾಯಿಗೆ ಹಾಕಿದಾಗ ಮಾತ್ರ ನೇರಳೆ ಹಣ್ಣಿನಂತೆ ನಾಲಗೆಯನ್ನು ಹಿಡಿಯುವ ಒಗರು.

ಆ ಒಗರು ಎಷ್ಟು ಗಡುಸು ಎಂಬುದನ್ನು ಬಹುಮಟ್ಟಿಗೆ ಮಣ್ಣು ತೀರ್ಮಾನಿಸುತ್ತದೆ. ಒಂದು ಕಾಲಕ್ಕೆ ಇದೆಲ್ಲ ಕಡಲತಳ. ಬರೋಲೊ ವೈನ್ ಆಗುವ ಸೀಮೆಯಲ್ಲಿ ಹಲವು ಗ್ರಾಮಗಳಿವೆ. ಅದರ ಪಶ್ಚಿಮ ಭಾಗದ ಲಾ ಮೊರ್ರಾ ಗ್ರಾಮದಲ್ಲಿ ನೀಲಿ ಛಾಯೆಯ ಬೂದು ಬಣ್ಣದ, ಸುಣ್ಣ ಬೆರೆತ ಜೇಡಿಮಣ್ಣು. ಅಲ್ಲಿನ ವೈನ್ ಮೃದು, ಪರಿಮಳ ಹೆಚ್ಚು. ಪೂರ್ವದ ಸೆರ್ರಲುಂಗಾದ ನೆಲ ಇನ್ನೂ ಹಳೆಯದು. ಮಣ್ಣಿನ ಪದರಗಳ ನಡುವೆ ಮರಳುಗಲ್ಲು ಸಿಗುತ್ತದೆ. ಅಲ್ಲಿನ ವೈನ್ ಬಿಗಿ. ಪಳಗಲು ಹತ್ತು ವರ್ಷ ಕೇಳಿದರೂ ಆಶ್ಚರ್ಯವಿಲ್ಲ. ಇವೆರಡೂ ಬರೋಲೊಗಳೇ! ಬಾರ್ಬರೆಸ್ಕೊದ ಮಣ್ಣು ಹೆಚ್ಚಾಗಿ ಲಾ ಮೊರ್ರಾದ ಬಗೆಯದು. ತೋಟಗಳು ತುಸು ತಗ್ಗಿನಲ್ಲಿವೆ, ನದಿಗೂ ಹತ್ತಿರ. ಹಣ್ಣು ಸ್ವಲ್ಪ ಬೇಗ ಮಾಗುತ್ತದೆ. ಹಾಗಾಗಿ ಲಾ ಮೊರ್ರಾದ ಬರೋಲೊಗೆ ಸೆರ್ರಲುಂಗಾದ ಬರೋಲೊಗಿಂತ ಬಾರ್ಬರೆಸ್ಕೊವೇ ಹತ್ತಿರದ ನೆಂಟ ಎಂದು ನನಗೆ ಅನ್ನಿಸುತ್ತದೆ.

ಕಾನೂನೂ ಈ ಸ್ವಭಾವವನ್ನು ಅನುಸರಿಸಿದೆ. ಬರೋಲೊ ಮಾರುಕಟ್ಟೆಗೆ ಬರಲು ಕನಿಷ್ಠ 38 ತಿಂಗಳು ಮಾಗಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ಬಾರ್ಬರೆಸ್ಕೊಗೆ 26 ತಿಂಗಳು, ಪೀಪಾಯಿಯಲ್ಲಿ 9. ಕಡಿಮೆ ಅವಧಿ ಎಂದರೆ ಕೆಳದರ್ಜೆಯಲ್ಲ, ಬೇಗ ಹದಕ್ಕೆ ಬರುತ್ತದೆ ಎಂದಷ್ಟೇ.

ಇನ್ನು ಹೆಸರಿನ ಸಂಗತಿ. ಬರೋಲೊಗೆ 19ನೆಯ ಶತಮಾನದಲ್ಲೇ ಅರಮನೆಗಳ ಕೃಪೆ ದೊರೆತಿತ್ತು. ಬಾರ್ಬರೆಸ್ಕೊದ ರೈತರಿಗೆ ಆ ಭಾಗ್ಯವಿರಲಿಲ್ಲ. ಅವರ ದ್ರಾಕ್ಷಿ ಬರೋಲೊ ತಯಾರಕರ ಪಾಲಾಗುತ್ತಿತ್ತು. ಆಲ್ಬಾದ ವೈನ್ ಶಾಲೆಯ ಮುಖ್ಯಸ್ಥ ದೊಮಿತ್ಸಿಯೊ ಕವಾತ್ಸಾ 1894ರಲ್ಲಿ ಒಂಬತ್ತು ಬೆಳೆಗಾರರನ್ನು ಕೂಡಿಸಿ ಸಹಕಾರಿ ಸಂಘ ಕಟ್ಟಿದರು. ತಮ್ಮ ಊರಿನ ಹೆಸರಿನಲ್ಲೇ ವೈನ್ ಮಾಡಿದರು. ಫ್ಯಾಸಿಸ್ಟ್ ಆಡಳಿತದ ಕಾಲದಲ್ಲಿ ಸಂಘ ಮುಚ್ಚಿತು. 1958ರಲ್ಲಿ ಊರಿನ ಪಾದ್ರಿ 19 ಬೆಳೆಗಾರರನ್ನು ಸೇರಿಸಿ ಅದಕ್ಕೆ ಮರುಜೀವ ಕೊಟ್ಟರು. ಮೊದಲ ಕೆಲವು ವರ್ಷ ವೈನ್ ತಯಾರಾದದ್ದು ಚರ್ಚಿನ ನೆಲಮಾಳಿಗೆಯಲ್ಲಿ. ಆ ಸಂಘ, ಪ್ರೊದುತ್ತೋರಿ ದೆಲ್ ಬಾರ್ಬರೆಸ್ಕೊ, ಇಂದಿಗೂ ನಡೆಯುತ್ತಿದೆ. ಇಷ್ಟು ಶ್ರಮದಿಂದ ಗಳಿಸಿದ ಹೆಸರನ್ನು "ಅಗ್ಗದ ಬರೋಲೊ" ಎಂದು ಕರೆದರೆ ನನಗೆ ನೋವಾಗುತ್ತದೆ.

ಬೆಲೆಯಲ್ಲಿ ಬಾರ್ಬರೆಸ್ಕೊ ಸಾಮಾನ್ಯವಾಗಿ ಕಡಿಮೆ, ನಿಜ. ಆದರೆ ಇಟಲಿಯ ಅತ್ಯಂತ ದುಬಾರಿ ವೈನ್‌ಗಳ ಸಾಲಿನಲ್ಲಿ ಗಾಯಾ ಮನೆತನದ ಬಾರ್ಬರೆಸ್ಕೊ ಕೂಡ ಇದೆ. ಕೊಳ್ಳುವಾಗ ಲೇಬಲ್‌ನಲ್ಲಿ ಗ್ರಾಮದ ಅಥವಾ ತೋಟದ ಹೆಸರಿದೆಯೇ ನೋಡಿ. ಈ ವರ್ಷವೇ ಕುಡಿಯುವುದಾದರೆ ಬಾರ್ಬರೆಸ್ಕೊ ಅಥವಾ ಲಾ ಮೊರ್ರಾ ಆರಿಸಿ. ಸೆರ್ರಲುಂಗಾ ಸಿಕ್ಕರೆ ತಂಪು, ಕತ್ತಲೆ ಇರುವ ಕಡೆ ಮಲಗಿಸಿಟ್ಟು ಕಾಯಿರಿ.