ಕೈಗೆ ಸಿಗದ ಬಿಗಿ

ಮಗಳ ರಿಮೋಟ್ ಗಾಡಿ ದಿಬ್ಬ ಹಾರಿ ನೆಲಕ್ಕೆ ಬಿದ್ದಾಗ ಬರುವ ಸದ್ದಿನಿಂದಲೇ ಅದರ ಶಾಕ್, ಅಂದರೆ ಹೊಡೆತ ನುಂಗುವ ಕೊಳವೆ, ಸರಿಯಿದೆಯೋ ಇಲ್ಲವೋ ಎಂದು ಹೇಳುವಷ್ಟು ಈಗ ನನ್ನ ಕಿವಿ ಪಳಗಿದೆ. ಸರಿಯಿದ್ದರೆ ‘ಟಪ್’ ಎಂದು ಒಂದೇ ಒಂದು ಮೆತ್ತನೆಯ ಸದ್ದು, ಗಾಡಿ ಹಾಗೇ ಓಡುತ್ತದೆ. ಇಲ್ಲದಿದ್ದರೆ ಗಾಡಿಯ ಅಡಿಚೌಕಟ್ಟಾದ ಷಾಸಿಯ ತಳ ಮಣ್ಣಿಗೆ ‘ಫಟ್’ ಎಂದು ಬಡಿದು, ಗಾಡಿ ಪುಟಿದು, ಮುಂದಿನ ತಿರುವನ್ನು ಒಂಟಿ ಚಕ್ರದ ಮೇಲೆ ಎದುರಿಸುತ್ತದೆ. ಕಳೆದ ಬೇಸಿಗೆಯ ಒಂದು ಭಾನುವಾರ ಬೆಳಗಿನಿಂದ ಮಧ್ಯಾಹ್ನದವರೆಗೂ ನಮಗೆ ಕೇಳಿಸಿದ್ದು ಬರೀ ‘ಫಟ್’.

ರಿಮೋಟ್ ಕಾರು ಎಂದರೆ ಅಂಗಡಿಯ ಆಟಿಕೆ ನೆನಪಾಗಬಹುದು. ಇದು ಆ ಜಾತಿಯದಲ್ಲ. ಮರುಭೂಮಿಯಲ್ಲಿ ಓಡಿಸುವ ನಿಜವಾದ ಬಗ್ಗಿ ಕಾರಿನ ಹತ್ತನೇ ಒಂದರಷ್ಟು ಅಳತೆ, ಸುಮಾರು ಒಂದೂವರೆ ಕಿಲೋ ತೂಕ, ನಾಲ್ಕು ಚಕ್ರಕ್ಕೂ ಬೇರೆ ಬೇರೆ ಸಸ್ಪೆನ್ಷನ್. ನಾವಿರುವ ದಕ್ಷಿಣ ಕ್ಯಾಲಿಫೋರ್ನಿಯಾ ಈ ಗಾಡಿಗಳ ಪಂದ್ಯದ ತವರೆಂದರೆ ತಪ್ಪಾಗದು. ಕೋಸ್ಟಾ ಮೆಸಾದ ಅಸೋಸಿಯೇಟೆಡ್ ಕಂಪನಿ 1984ರಲ್ಲಿ ಆರ್‌ಸಿ10 ಎಂಬ ಬಗ್ಗಿಯನ್ನು ಹೊರತಂದಿತು. ಚಿನ್ನದ ಬಣ್ಣದ ಅಲ್ಯೂಮಿನಿಯಂ ಷಾಸಿ, ಎಣ್ಣೆ ತುಂಬಿದ ಲೋಹದ ಶಾಕ್‌ಗಳು. ಮರುವರ್ಷವೇ ಡೆಲ್ ಮಾರ್‌ನಲ್ಲಿ ಈ ವರ್ಗದ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ನಲವತ್ತು ವರ್ಷಗಳಲ್ಲಿ ಮೋಟರು, ಬ್ಯಾಟರಿ ಎಲ್ಲ ಗುರುತು ಸಿಗದಷ್ಟು ಬದಲಾಗಿವೆ. ಶಾಕ್ ಮಾತ್ರ ಒಳಗೆ ಹೆಚ್ಚುಕಡಿಮೆ ಅದೇ: ಒಂದು ಕೊಳವೆ, ಒಂದು ಸರಳು, ಸರಳಿನ ತುದಿಗೆ ತೂತುಗಳಿರುವ ಪಿಸ್ಟನ್, ಸುತ್ತ ಸಿಲಿಕೋನ್ ಎಣ್ಣೆ, ಹೊರಗೆ ಸ್ಪ್ರಿಂಗು.

ಸ್ಪ್ರಿಂಗು ಗಾಡಿಯನ್ನು ಹೊತ್ತು ನಿಲ್ಲುತ್ತದೆ, ಕುಗ್ಗಿದಾಗ ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತದೆ. ಅದರ ಕೈಗೇ ಎಲ್ಲ ಬಿಟ್ಟರೆ ಆ ಶಕ್ತಿಯನ್ನು ಅಷ್ಟೂ ಹಿಂದಿರುಗಿಸಿ ಗಾಡಿಯನ್ನು ಚೆಂಡಿನಂತೆ ಕುಣಿಸುತ್ತದೆ. ಆ ಶಕ್ತಿಯನ್ನು ಬಿಸಿಯಾಗಿ ಕರಗಿಸುವ ಕೆಲಸ ಎಣ್ಣೆಯದು. ಪಿಸ್ಟನ್ ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಎಣ್ಣೆ ಆ ಸಣ್ಣ ತೂತುಗಳಲ್ಲಿ ನುಸುಳಬೇಕು. ಸುಲಭವಾಗಿ ನುಸುಳಿದರೆ ಶಾಕ್ ಮೃದು, ಕಷ್ಟಪಟ್ಟರೆ ಬಿಗಿ.

ಗಾಡಿ ಚಿಕ್ಕದಾದರೂ ಅದರ ಪಾಲಿಗೆ ಭೂಮಿಯ ಗುರುತ್ವ ಚಿಕ್ಕದಾಗಲಿಲ್ಲ. ಒಂದು ಮೀಟರ್ ಎತ್ತರದಿಂದ ಬಿದ್ದದ್ದು ಗೊಂಬೆಯಾದರೂ ಆನೆಯಾದರೂ ನೆಲ ಮುಟ್ಟುವ ವೇಗ ಸೆಕೆಂಡಿಗೆ ಸುಮಾರು 4.4 ಮೀಟರ್. ಹತ್ತನೇ ಒಂದರ ಅಳತೆಯ ಗಾಡಿಗೆ ಒಂದು ಮೀಟರ್ ಜಿಗಿತವೆಂದರೆ ನಿಜವಾದ ಕಾರು ಮೂರು ಮಹಡಿಯ ಮೇಲಿಂದ ಹಾರಿದ ಹಾಗೆ. ಅದೂ ಪ್ರತಿ ಸುತ್ತಿನಲ್ಲಿ, ಮೂರ್ನಾಲ್ಕು ಸಲ. ಆ ಹೊಡೆತವನ್ನೆಲ್ಲ ನುಂಗಲು ಪಿಸ್ಟನ್ನಿಗೆ ಸಿಗುವ ಓಡಾಟ ಬೆರಳಿನ ಎರಡು ಗೆಣ್ಣಿನಷ್ಟೂ ಇಲ್ಲ.

ಆ ಭಾನುವಾರ ನಮ್ಮ ಗಾಡಿಯಲ್ಲಿದ್ದದ್ದು 1.7 ಮಿಲಿಮೀಟರಿನ ಎರಡು ತೂತಿನ ಪಿಸ್ಟನ್, 35ರ ಎಣ್ಣೆ. ಎಣ್ಣೆಯ ದಪ್ಪ ಹೇಳುವ ಈ 35 ಎಂಬ ಅಂಕಿ ಕಂಪನಿಯಿಂದ ಕಂಪನಿಗೆ ಬೇರೆಯಾಗುವುದರಿಂದ ಬಾಟಲಿಯ ಮೇಲಿನ ಸೆಂಟಿಸ್ಟೋಕ್ (ಅಂಟುತನದ ಅಳತೆ) ಅಂಕಿಯನ್ನು ನೋಡುವುದೇ ಮೇಲು. ನಮ್ಮದು 425. ಕಡಲೆಕಾಯಿ ಎಣ್ಣೆಗಿಂತ ಎಷ್ಟೋ ಪಟ್ಟು ದಪ್ಪ, ಹರಳೆಣ್ಣೆಗಿಂತ ತೆಳು. ಗಾಡಿ ತಳ ಬಡಿಯುತ್ತಿದೆಯಲ್ಲ, ಎಣ್ಣೆ ದಪ್ಪ ಮಾಡಿದರಾಯಿತು ಎಂದುಕೊಂಡು ನಾನು 45ರ ಎಣ್ಣೆ ಸುರಿದೆ. ಎಲ್ಲರೂ ಮೊದಲು ಮಾಡುವುದು ಅದನ್ನೇ.

“ಅಪ್ಪ, ಇದು ಇನ್ನೂ ಕೆಟ್ಟಿತು,” ಎಂದಳು ಮಗಳು, ಎರಡೇ ಸುತ್ತಿಗೆ. ದಿಬ್ಬದ ಕೆಳಗೆ ‘ಫಟ್’ ಹಾಗೇ ಇತ್ತು. ಜೊತೆಗೆ, ತಿರುವಿನ ಸಣ್ಣ ಉಬ್ಬುತಗ್ಗುಗಳಲ್ಲಿ ಚಕ್ರಗಳು ನೆಲ ಬಿಟ್ಟು ಚಟಪಟ ಹಾರತೊಡಗಿದ್ದವು.

ಏಕೆ ಹೀಗಾಯಿತು ಎಂಬುದೇ ಈ ಪುಟ್ಟ ಕೊಳವೆಯ ಅತಿ ಸೊಗಸಾದ ಭೌತವಿಜ್ಞಾನ. ಎಣ್ಣೆ ತೂತಿನಲ್ಲಿ ಎರಡು ಬೇರೆ ಬೇರೆ ಕಾರಣಕ್ಕೆ ತಡೆಯೊಡ್ಡುತ್ತದೆ. ಮೊದಲನೆಯದು ಅಂಟುತನ, ಪಠ್ಯಪುಸ್ತಕದ ಮಾತಿನಲ್ಲಿ ಸ್ನಿಗ್ಧತೆ. ಒಂದೇ ಒರಳಿನಲ್ಲಿ ಚಕ್ಕುಲಿ ಬಿಲ್ಲೆ ತೆಗೆದು ಶ್ಯಾವಿಗೆ ಬಿಲ್ಲೆ ಹಾಕಿ ಒತ್ತಿದವರಿಗೆ ಇದು ರಟ್ಟೆಗೇ ಗೊತ್ತು. ಹಿಟ್ಟು ಗಟ್ಟಿಯಾದರೂ ಕಷ್ಟ, ತೂತು ಸಣ್ಣದಾದರೂ ಕಷ್ಟ. ಎರಡನೆಯದು ಜಡತ್ವ. ಕೆರೆಯ ನೀರಿಗೆ ಮೆಲ್ಲಗೆ ಇಳಿದರೆ ಅದು ಮೃದು. ಅದೇ ನೀರಿಗೆ ಮೇಲಿನಿಂದ ಹೊಟ್ಟೆ ಅಡಿಯಾಗಿ ಬಿದ್ದರೆ ಚರ್ಮ ಕೆಂಪಗಾಗುತ್ತದೆ. ನೀರು ಅಂಟು ಎಂದಲ್ಲ, ಅಷ್ಟು ಬೇಗ ದಾರಿ ಬಿಡಲು ಅದಕ್ಕೆ ಆಗುವುದಿಲ್ಲ ಎಂದು.

ನಮ್ಮ ಶಾಕಿಗೆ ಇದನ್ನು ಅನ್ವಯಿಸಿ ಲೆಕ್ಕ ಹಾಕಿದೆ. ಪಿಸ್ಟನ್ನಿನ ಅಗಲ 12 ಮಿಲಿಮೀಟರ್. ಎರಡು ತೂತುಗಳ ಒಟ್ಟು ವಿಸ್ತೀರ್ಣ ಅದರ ಇಪ್ಪತ್ತೈದನೇ ಒಂದು ಭಾಗ. ನೆಲಕ್ಕೆ ಬಿದ್ದ ಕ್ಷಣ ಪಿಸ್ಟನ್ ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ನುಗ್ಗಿದರೆ, ಅಂಚಿನಲ್ಲಿ ಸೋರುವುದನ್ನು ಬಿಟ್ಟು ನೋಡಿದಾಗ, ತೂತಿನೊಳಗೆ ಎಣ್ಣೆ ಸೆಕೆಂಡಿಗೆ 50 ಮೀಟರ್ ಓಡಬೇಕು. ಎಂದರೆ ಗಂಟೆಗೆ 180 ಕಿಲೋಮೀಟರ್! ಕಿರುಬೆರಳಿನಷ್ಟು ಕೊಳವೆಯೊಳಗೆ, ನಿಂತಲ್ಲೇ ನಿಂತಿದ್ದ ಎಣ್ಣೆ ಒಮ್ಮೆಗೇ ಈ ವೇಗಕ್ಕೆ ಏರಬೇಕು.

ಅಂಟಿನ ತಡೆ ವೇಗದಷ್ಟೇ ಏರುತ್ತದೆ. ಜಡತ್ವದ ತಡೆ ವೇಗದ ವರ್ಗದಂತೆ ಏರುತ್ತದೆ. ಹಾಗಾಗಿ ಪಿಸ್ಟನ್ ಮೆಲ್ಲಗೆ ಚಲಿಸುವಾಗ ಅಂಟಿನದೇ ದರ್ಬಾರು, ದಿಬ್ಬ ಹಾರಿ ಬಿದ್ದಾಗ ಜಡತ್ವದ್ದು. ಜಡತ್ವಕ್ಕೆ ಎಣ್ಣೆ ದಪ್ಪವೋ ತೆಳುವೋ ಎಂಬ ಗೊಡವೆಯೇ ಇಲ್ಲ, ಅದಕ್ಕೆ ತೂತಿನ ಅಳತೆಯೇ ಮುಖ್ಯ. 35ರಿಂದ 45ಕ್ಕೆ ಹೋದಾಗ ಮೆಲ್ಲನೆಯ ಚಲನೆಯಲ್ಲಿ ಶಾಕ್ ಶೇ. 30ರಷ್ಟು ಬಿಗಿಯಾಯಿತು, ಬೀಳುವಾಗಿನ ಬಿಗಿ ಶೇ. 8ರಷ್ಟೂ ಹೆಚ್ಚಲಿಲ್ಲವೆಂದು ನನ್ನ ಲೆಕ್ಕ ಹೇಳಿತು. ಬೇಡದ ಕಡೆ ಬಿಗಿ ಮಾಡಿದ್ದೆ, ಬೇಕಾದ ಕಡೆ ಬಿಟ್ಟಿದ್ದೆ.

ಪರಿಹಾರ ಮೇಲ್ನೋಟಕ್ಕೆ ತಲೆಕೆಳಗು: ಎಣ್ಣೆ ತೆಳು ಮಾಡು, ತೂತು ಕಿರಿದು ಮಾಡು. ತಡೆ ತೂತಿನ ವ್ಯಾಸದ ನಾಲ್ಕನೇ ಘಾತವನ್ನು ಅನುಸರಿಸುತ್ತದೆ. ಹಾಗಾಗಿ 1.7ರಿಂದ 1.6ಕ್ಕೆ ಇಳಿದರೆ, ಕೂದಲೆಳೆಯಷ್ಟು ವ್ಯತ್ಯಾಸ, ತಡೆ 1.27 ಪಟ್ಟು ಏರುತ್ತದೆ. ಎಣ್ಣೆಯನ್ನು 30ಕ್ಕೆ, ಅಂದರೆ 350 ಸೆಂಟಿಸ್ಟೋಕಿಗೆ ಇಳಿಸಿದರೆ ಮೆಲ್ಲನೆಯ ಚಲನೆಯ ಬಿಗಿ ಹೆಚ್ಚುಕಡಿಮೆ ಮೊದಲಿದ್ದಲ್ಲಿಗೇ ಬಂದು ನಿಲ್ಲುತ್ತದೆ. ಬೀಳುವಾಗಿನ ಬಿಗಿ ಮಾತ್ರ ಐದನೇ ಒಂದು ಭಾಗದಷ್ಟು ಹೆಚ್ಚಿರುತ್ತದೆ. ಪಂದ್ಯದವರು ಇದನ್ನು ‘ಪ್ಯಾಕ್’ ಎನ್ನುತ್ತಾರೆ. ಗುಂಡಿ ಬಿದ್ದು ಹಾಳಾದ ಟ್ರ್ಯಾಕಿನಲ್ಲಿ ಇದೇ ಪ್ಯಾಕ್ ಶತ್ರು, ಆಗ ದೊಡ್ಡ ತೂತು ದಪ್ಪ ಎಣ್ಣೆಯೇ ಸರಿ.

ಗಾಡಿ ಸರಿಪಡಿಸುವ ಪಿಟ್ಟಿನ ಮೇಜಿನ ಮೇಲೆ ಮೊದಲಿನ 1.7, 35ರ ಶಾಕನ್ನೂ ಹೊಸದನ್ನೂ ಒಂದೊಂದು ಕೈಯಲ್ಲಿ ಹಿಡಿದು ಒತ್ತಿ ನೋಡಿದೆ. ಎರಡೂ ಒಂದೇ ಥರ. ಕೈ ಒತ್ತುವುದೇ ಮೆಲ್ಲಗೆ, ಅದಕ್ಕೆ ಅಂಟಷ್ಟೇ ತಿಳಿಯುತ್ತದೆ.

ಎಣ್ಣೆ ತುಂಬುವ ಕೆಲಸ ಮಗಳದ್ದು. ಅವಳಿಗೆ ನನಗಿಂತ ತಾಳ್ಮೆ ಜಾಸ್ತಿ. ಸರಳನ್ನು ಪೂರ್ತಿ ಹೊರಗೆಳೆದು, ಕೊಳವೆಯ ಬಾಯಿತನಕ ಎಣ್ಣೆ ಹುಯ್ದು, ಪಿಸ್ಟನ್ನನ್ನು ಮೇಲೆ ಕೆಳಗೆ ನಿಧಾನ ಆಡಿಸುತ್ತಾಳೆ. ಪಿಸ್ಟನ್ನಿನಡಿ ಸಿಕ್ಕಿಕೊಂಡ ಗಾಳಿ ಸಾಸಿವೆ ಕಾಳಿನಷ್ಟು ಗುಳ್ಳೆಗಳಾಗಿ ಒಂದೊಂದೇ ಮೇಲೇಳುತ್ತದೆ. ಗುಳ್ಳೆ ಉಳಿದರೆ ಆ ಶಾಕು ಕುಗ್ಗುವಾಗ ಮೊದಲು ಗಾಳಿಯನ್ನೇ ಹಿಂಡುತ್ತದೆ, ಎಡಬಲ ಸಮವಿರುವುದಿಲ್ಲ. ಹತ್ತು ನಿಮಿಷ ಬಿಟ್ಟು ಮುಚ್ಚಳ ತಿರುಗಿಸಬೇಕು. ಅದೂ ಸರಳನ್ನು ಸ್ವಲ್ಪ ಒಳಗೆ ತಳ್ಳಿಯೇ. ಮೂರು ಮಿಲಿಮೀಟರ್ ದಪ್ಪದ ಸರಳು ಪೂರ್ತಿ ಒಳಹೊಕ್ಕಾಗ ಅದು ತುಂಬುವ ಜಾಗಕ್ಕೆ ಎಣ್ಣೆ ಎಲ್ಲಾದರೂ ಹೋಗಬೇಕಲ್ಲ. ಮುಚ್ಚಳದಡಿ ಬ್ಲಾಡರ್ ಎಂಬ ಮೆತ್ತನೆಯ ರಬ್ಬರ್ ಪೊರೆ ಇರುವುದು ಅದಕ್ಕೇ.

ಸ್ಪ್ರಿಂಗು ಬದಲಿಸಲಿಲ್ಲ, ಶಾಕನ್ನು ಕೂರಿಸುವ ಟವರಿನ ತೂತುಗಳನ್ನೂ ಮುಟ್ಟಲಿಲ್ಲ. ತೂತು, ಎಣ್ಣೆ ಎರಡೂ ಸೇರಿ ಒಂದು ಬದಲಾವಣೆ. ಒಮ್ಮೆಗೆ ಅಷ್ಟೇ, ಇಲ್ಲದಿದ್ದರೆ ಯಾವುದು ಫಲ ಕೊಟ್ಟಿತೆಂದು ತಿಳಿಯುವುದಿಲ್ಲ. ಮಗಳು ಗಾಡಿಯನ್ನು ಒಂದು ಗೇಣು ಎತ್ತಿ ಮೇಜಿನ ಮೇಲೆ ಬಿಟ್ಟಳು. ತಳ ಮೇಜನ್ನು ಸೋಕಿತೋ ಇಲ್ಲವೋ ಎಂಬಷ್ಟು ಇಳಿದು, ಮೇಲೆದ್ದು, ಕುಣಿಯದೆ ನಿಂತಿತು.

ಊಟದ ನಂತರದ ಸುತ್ತಿನಲ್ಲಿ ನಾನು ದಿಬ್ಬದ ಪಕ್ಕದಲ್ಲೇ ನಿಂತಿದ್ದೆ. ಟಪ್. ಮುಂದಿನ ಸುತ್ತು, ಟಪ್. ತಿರುವಿನ ಉಬ್ಬುಗಳಲ್ಲಿ ಚಕ್ರಗಳು ನೆಲಕ್ಕೆ ಅಂಟಿಕೊಂಡೇ ಓಡಿದವು.

ಬಂದು ಕೂತವಳೇ ನೋಟ್‌ಬುಕ್ಕಿನಲ್ಲಿ ಬರೆದಳು: 1.6, 30, ಬಿಸಿಲು 34 ಡಿಗ್ರಿ. ಬಿಸಿಲನ್ನೂ ಬರೆಯುವುದಕ್ಕೆ ಕಾರಣವಿದೆ. ಎಣ್ಣೆಯ ಅಂಕಿಗಳೆಲ್ಲ 25 ಡಿಗ್ರಿಯಲ್ಲಿ ಅಳೆದವು. ಹತ್ತು ಡಿಗ್ರಿ ಏರಿದರೆ ಸಿಲಿಕೋನ್ ಎಣ್ಣೆಯ ಅಂಟು ಐದನೇ ಒಂದು ಭಾಗದಷ್ಟು ಇಳಿಯುತ್ತದೆ. 15 ಡಿಗ್ರಿಯ ಮುಂಜಾನೆ 40ರಂತೆ ನಡೆಯುವ 35ರ ಎಣ್ಣೆ ಮಧ್ಯಾಹ್ನ 30ರಂತಾಗಿರುತ್ತದೆ.

“ಅಪ್ಪ, ಫೈನಲ್ ಆರು ಗಂಟೆಗಲ್ವಾ? ಅಷ್ಟೊತ್ತಿಗೆ ತಣ್ಣಗಾಗಿರತ್ತೆ,” ಎಂದು ಡಬ್ಬಿಯೊಳಗೆ ತಡಕಾಡಿ 25ರ ಬಾಟಲಿಯನ್ನು ತೆಗೆದು ಮೇಜಿನ ಮೇಲಿಟ್ಟಳು.