ಇಷ್ಟೊಂದು ಆಸ್ಪತ್ರೆಗಳಿದ್ದೂ ಕೆಲವರ ಆರೋಗ್ಯವೇಕೆ ಹಿಂದೆಯೇ ಉಳಿದಿದೆ?

ಪ್ರಶ್ನೆ: ಮಂಗಳೂರು, ಉಡುಪಿ, ಮಣಿಪಾಲದ ಸುತ್ತ ಇರುವಷ್ಟು ಮೆಡಿಕಲ್ ಕಾಲೇಜು ಮತ್ತು ಆಸ್ಪತ್ರೆಗಳು ರಾಜ್ಯದ ಅನೇಕ ಜಿಲ್ಲೆಗಳಲ್ಲಿಲ್ಲ. ಹಾಗಿದ್ದರೂ ಕರಾವಳಿಯ ಆದಿವಾಸಿಗಳಾದ ಕೊರಗರ ಕಾಲನಿಗಳಲ್ಲಿ, ದಕ್ಕೆಯ (ಮೀನುಗಾರಿಕೆ ಬಂದರಿನ) ಕೂಲಿಕಾರರಲ್ಲಿ ರಕ್ತಹೀನತೆ, ಕ್ಷಯ ಇನ್ನೂ ಕಾಡುತ್ತಿವೆ. ಜಾತಿ, ಬಡತನಗಳಿಂದ ಹುಟ್ಟಿದ ಈ ಅಂತರವನ್ನು ಆಸ್ಪತ್ರೆಗಳು ನಿಜಕ್ಕೂ ತಗ್ಗಿಸಬಲ್ಲವೆ, ಅಥವಾ ಅದು ಸರ್ಕಾರವೇ ಮಾಡಬೇಕಾದ ಕೆಲಸವೆ?

ಉತ್ತರ: ಅಂತರದ ದೊಡ್ಡ ಪಾಲು ಹುಟ್ಟುವುದು ಆಸ್ಪತ್ರೆಯ ಹೊರಗೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು. ಸೋರುವ ಮನೆ, ಅರೆಹೊಟ್ಟೆ, ಮಳೆಗಾಲದಲ್ಲಿ ನಿಂತುಹೋಗುವ ಕೂಲಿ, ಇವಕ್ಕೆ ವೈದ್ಯರು ಔಷಧ ಚೀಟಿ ಬರೆಯಲಾಗದು. ಆದರೆ ಆಸ್ಪತ್ರೆಯ ಗೇಟಿನಿಂದ ಹಾಸಿಗೆಯವರೆಗಿನ ದಾರಿಯಲ್ಲಿ ಹುಟ್ಟುವ ಅಂತರವೂ ಒಂದಿದೆ. ಅದು ಸಂಪೂರ್ಣವಾಗಿ ಆಸ್ಪತ್ರೆಯ ಕೈಯಲ್ಲಿರುವಂಥದ್ದು, ಮತ್ತು ಅದನ್ನು ಸರಿಪಡಿಸಿದರೆ ಜೀವಗಳು ಉಳಿಯುತ್ತವೆ ಎಂಬುದಕ್ಕೆ ಪುರಾವೆಯಿದೆ.

ಪುರಾವೆ ಅಮೆರಿಕದ್ದು. ಅಲ್ಲಿನ ದಕ್ಷಿಣದ ರಾಜ್ಯಗಳಲ್ಲಿ 1960ರ ದಶಕದ ನಡುವಿನವರೆಗೂ ಕಪ್ಪು ಜನರಿಗೆ ಬೇರೆ ವಾರ್ಡು, ಬೇರೆ ಬಾಗಿಲು ಇದ್ದವು. ಎಷ್ಟೋ ಆಸ್ಪತ್ರೆಗಳು ಅವರನ್ನು ಸೇರಿಸಿಕೊಳ್ಳುತ್ತಲೇ ಇರಲಿಲ್ಲ. 1964ರ ನಾಗರಿಕ ಹಕ್ಕುಗಳ ಕಾಯ್ದೆಯು ಸರ್ಕಾರದ ಹಣ ಪಡೆಯುವ ಸಂಸ್ಥೆಗಳು ಜನಾಂಗಭೇದ ಮಾಡಕೂಡದೆಂದು ವಿಧಿಸಿತು. 1966ರಲ್ಲಿ ವೃದ್ಧರ ಚಿಕಿತ್ಸೆಗೆ ಹಣ ಕೊಡುವ ಮೆಡಿಕೇರ್ ಯೋಜನೆ ಜಾರಿಗೆ ಬಂದಾಗ, ಭೇದವನ್ನು ಬಿಟ್ಟ ಆಸ್ಪತ್ರೆಗೆ ಮಾತ್ರ ಹಣ ಎಂಬ ಷರತ್ತನ್ನು ಅಧಿಕಾರಿಗಳು ಬಿಗಿಯಾಗಿ ಹಿಡಿದರು. ದಶಕಗಳ ಹೋರಾಟಕ್ಕೆ ಮಣಿಯದ ಬಾಗಿಲುಗಳು ಕೆಲವೇ ತಿಂಗಳಲ್ಲಿ ತೆರೆದುಕೊಂಡವು. ಮಿಸಿಸಿಪ್ಪಿಯಂಥ ರಾಜ್ಯದಲ್ಲಿ ಅದರ ಬೆನ್ನಿಗೇ ಅತಿಸಾರ ಮತ್ತು ನ್ಯುಮೋನಿಯಾದಿಂದ ಸಾಯುತ್ತಿದ್ದ ಕಪ್ಪು ಶಿಶುಗಳ ಸಂಖ್ಯೆ ಗಣನೀಯವಾಗಿ ಇಳಿದದ್ದನ್ನು ಅರ್ಥಶಾಸ್ತ್ರಜ್ಞರು ನಂತರ ಲೆಕ್ಕ ಹಾಕಿ ತೋರಿಸಿದ್ದಾರೆ. ಆ ತಾಯಂದಿರ ಬಡತನ ಆ ವರ್ಷ ತೀರಿರಲಿಲ್ಲ. ವಾಂತಿಭೇದಿಯಾದ ಮಗುವನ್ನು ಎತ್ತಿಕೊಂಡು ಹೋದಾಗ ಆಸ್ಪತ್ರೆ ಒಳಗೆ ಬಿಟ್ಟುಕೊಂಡಿತು, ಅಷ್ಟೆ.

ನಮ್ಮಲ್ಲಿ ಅಂಥ ಬೇರೆ ಬಾಗಿಲು, ಬೇರೆ ವಾರ್ಡುಗಳಿಲ್ಲ. ಕರಾವಳಿಯ ಆಸ್ಪತ್ರೆಗಳ ಚರಿತ್ರೆಯಲ್ಲಿ ದೂರ ತಳ್ಳಲ್ಪಟ್ಟವರಿಗೇ ಮೊದಲ ಜಾಗ ಕೊಟ್ಟ ಉದಾಹರಣೆಯೂ ಇದೆ: 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಔಷಧ ಕೊಡಲು ಆರಂಭಿಸಿದ ಫಾದರ್ ಅಗಸ್ಟಸ್ ಮುಲ್ಲರ್ ಮುಂದೆ ಕುಷ್ಠರೋಗಿಗಳಿಗೆಂದೇ ಆಶ್ರಯ ಕಟ್ಟಿದರು. ಆದರೆ ಇದೇ ನೆಲದಲ್ಲಿ ಅಜಲು ಪದ್ಧತಿಯೂ ಇತ್ತು. ರೋಗಿಯ ಅಥವಾ ಗರ್ಭಿಣಿಯ ಉಗುರು, ಕೂದಲುಗಳನ್ನು ಅನ್ನದಲ್ಲಿ ಬೆರೆಸಿ ಕೊರಗರಿಗೆ ಉಣಿಸಿದರೆ ಕೇಡು ಅವರಿಗೆ ದಾಟುತ್ತದೆ ಎಂಬ ನಂಬಿಕೆ ಅದು. ಅದನ್ನು ನಿಷೇಧಿಸುವ ಕಾಯ್ದೆ ಬಂದದ್ದು 2000ದಲ್ಲಿ. ಇಂದು ಆಸ್ಪತ್ರೆಗೆ ಬರುವ ಕೊರಗ ಹಿರಿಯರ ಬದುಕಿನೊಳಗಿನ ಕಾಲವೇ ಅದು. ಇತರರ ರೋಗವನ್ನು ತಿನ್ನಿಸಿಕೊಂಡ ಸಮುದಾಯವೊಂದು ತನ್ನ ರೋಗವನ್ನು ಇತರರ ಮುಂದಿಡಲು ಹಿಂಜರಿದರೆ, ಅದನ್ನು ಅಜ್ಞಾನವೆಂದು ಕೇಸ್ ಶೀಟಿನಲ್ಲಿ ಬರೆದು ಮುಗಿಸುವುದು ದೊಡ್ಡ ಅನ್ಯಾಯವೆಂದು ನಾನು ಭಾವಿಸುತ್ತೇನೆ.

ಒಮ್ಮೆ ಆಸ್ಪತ್ರೆಯೊಂದರ ಕೌಂಟರಿನಲ್ಲಿ ನನ್ನ ಮುಂದೆ ನಿಂತಿದ್ದ ಹೆಂಗಸಿನ ಕೈಯಲ್ಲಿ ಪ್ಲಾಸ್ಟಿಕ್ ತೊಟ್ಟೆಯಿತ್ತು. ಅದರಲ್ಲಿ ಮಡಿಕೆ ಹರಿದ ರೇಷನ್ ಕಾರ್ಡು, ಆಧಾರ್, ಹಳೆಯ ಎಕ್ಸ್‌ರೇ. ಬುಟ್ಟಿ ಹೆಣೆಯುವವರ ಬೆರಳುಗಳಲ್ಲಿ ಕಾಣುವ ಗೀರುಗಳು ಅವರ ಬೆರಳುಗಳಲ್ಲಿದ್ದವು. ಒಂದು ಕಾರ್ಡಿನಲ್ಲಿದ್ದ ಹೆಸರು ಇನ್ನೊಂದರಲ್ಲಿ ಬೇರೆಯಾಗಿತ್ತು, ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರವೂ ಇರಲಿಲ್ಲ. ಕುಳಿತಿದ್ದವರು ಗದರಲಿಲ್ಲ, ತಲೆಯೆತ್ತಿ ನೋಡಲೂ ಇಲ್ಲ. “ಪತ್ರ ತನ್ನಿ” ಎಂದರು, ಅಷ್ಟೇ. ಆ ಹೆಂಗಸು ತೊಟ್ಟೆಯ ಬಾಯಿ ಕಟ್ಟಿಕೊಂಡು ಹೊರಟರು. ಒಂದು ದಿನದ ಸಂಪಾದನೆ, ಎರಡು ಬಸ್ಸಿನ ಟಿಕೆಟ್ಟು ಹೋಯಿತು. ಮತ್ತೆ ಬಂದರೋ ಇಲ್ಲವೋ ಎಂಬುದು ಯಾವ ರಿಜಿಸ್ಟರಿನಲ್ಲೂ ದಾಖಲಾಗುವುದಿಲ್ಲ.

2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ. ತುರ್ತು ಸಂದರ್ಭವನ್ನು ಬಿಟ್ಟರೆ, ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಬೇಕು. ನಿಯಮದಲ್ಲಿ ಅರ್ಥವಿದೆ. ಆದರೆ ಆ ಪತ್ರಕ್ಕಾಗಿ ಓಡಬೇಕಾದದ್ದು ರೋಗಿಯೇ ಏಕೆ? ಫೋನು, ಕಂಪ್ಯೂಟರು ಎರಡೂ ಕೌಂಟರಿನ ಒಳಬದಿಯಲ್ಲಿವೆ.

ಭಾಷೆಯ ತೊಡಕು ಇನ್ನೂ ಸೂಕ್ಷ್ಮವಾದದ್ದು. ತುಳುವಿನಲ್ಲಿ ‘ಬಂಜಿ’ ಎಂದರೆ ಹೊಟ್ಟೆ. ಘಟ್ಟದ ಮೇಲಿನಿಂದ ಬಂದ ಕಿರಿಯ ವೈದ್ಯರ ಕಿವಿಗೆ ಅದು ‘ಬಂಜೆ’ಯಂತೆ ಕೇಳಿಸಿದರೆ ಆಶ್ಚರ್ಯವಿಲ್ಲ, ಉತ್ತರ ಭಾರತದಿಂದ ಓದಲು ಬಂದವರಿಗಂತೂ ಯಾವ ಅರ್ಥವೂ ಹೊಳೆಯದು. ಬ್ಯಾರಿ, ಕೊಂಕಣಿ, ಕೊರಗ ಭಾಷೆ, ದಕ್ಕೆಯ ಒಡಿಯಾ ಕಾರ್ಮಿಕರ ಮಾತು, ಇವೆಲ್ಲವೂ ಒಂದೇ ಒಪಿಡಿಯ ಮುಂದೆ ಸಾಲುಗಟ್ಟುತ್ತವೆ. ದುಭಾಷಿಯ ಕೆಲಸವನ್ನು ಎಳೆಯ ಮಗಳ ಮೇಲೋ ಪಕ್ಕದ ರೋಗಿಯ ಮೇಲೋ ಹೊರಿಸಿದಾಗ, ಹೆಂಗಸರು ಹೇಳಬೇಕಾದದ್ದನ್ನು ನುಂಗಿಕೊಂಡು ಹೋಗುತ್ತಾರೆ.

ಯಾರ ಕೆಟ್ಟ ಉದ್ದೇಶವೂ ಇಲ್ಲದೆ ಭೇದವಾಗಬಹುದು ಎಂಬುದನ್ನು ಕೋವಿಡ್ ಕಾಲದಲ್ಲಿ ನಾವೆಲ್ಲ ಬೆರಳಿಗೆ ಸಿಕ್ಕಿಸಿಕೊಂಡ ಆಕ್ಸಿಮೀಟರು ತೋರಿಸಿಕೊಟ್ಟಿತು. ಆ ಸಾಧನದಲ್ಲಿ ಸಾಕಷ್ಟು ಎಂದು ಕಂಡ ಆಮ್ಲಜನಕ, ರಕ್ತ ಪರೀಕ್ಷಿಸಿದಾಗ ಅಪಾಯಕಾರಿಯಾಗಿ ಕಡಿಮೆಯಿದ್ದ ಸಂದರ್ಭಗಳು ಬಿಳಿಯರಿಗಿಂತ ಕಪ್ಪು ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚೆಂದು 2020ರ ಡಿಸೆಂಬರಿನಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದರು. ರೋಗಿಗಳನ್ನು ಜನಾಂಗವಾರು ವಿಂಗಡಿಸಿ ನೋಡಿದ್ದರಿಂದಲೇ ಅದು ಹೊರಬಿತ್ತು. ಒಟ್ಟು ಸರಾಸರಿಯಲ್ಲಿ ಅದು ಮುಚ್ಚಿಹೋಗುತ್ತಿತ್ತು.

ಹಾಗಾದರೆ ನಮ್ಮ ಆಸ್ಪತ್ರೆಗಳು ಏನು ಮಾಡಬಹುದು? ಕೆಲವರು ಈಗಾಗಲೇ ಮಾಡುತ್ತಿದ್ದಾರೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ಗ್ರಾಮೀಣ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿ, ಅಲ್ಲಿ ತೆಗೆದ ಇಸಿಜಿಯನ್ನು ತಜ್ಞರು ವಾಟ್ಸಾಪಿನಲ್ಲಿ ನೋಡಿ ಕೂಡಲೇ ಸಲಹೆ ನೀಡುವ ವ್ಯವಸ್ಥೆ ಕಟ್ಟಿದ್ದಾರೆ. ಎದೆನೋವನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಮನೆಯಲ್ಲೇ ಕೂರುವ ಕೃಷಿಕನಿಗೆ ನಗರದ ತಜ್ಞರ ಕಣ್ಣು ಹೀಗೆ ಸಿಗುತ್ತದೆ. ಕ್ಷಯದ ಮಾತ್ರೆ ಉಚಿತವಾದರೂ ಕನಿಷ್ಠ ಆರು ತಿಂಗಳು ನುಂಗಬೇಕು. ಪೌಷ್ಟಿಕಾಹಾರಕ್ಕೆಂದು ರೋಗಿಗೆ ತಿಂಗಳಿಗೆ 1,000 ರೂಪಾಯಿ ಸಿಗುತ್ತದೆ, ಆದರೆ ಬ್ಯಾಂಕ್ ಖಾತೆಯ ಗೊಂದಲ ಬಿಡಿಸಿಕೊಡುವವರು ಬೇಕು. ಈ ಕೆಲಸಕ್ಕೆ ಕೊರಗ ಸಮುದಾಯದ ಓದಿದ ಯುವಕ ಯುವತಿಯರನ್ನೇ ಸಂಬಳಕ್ಕೆ ನೇಮಿಸಿಕೊಳ್ಳುವುದಕ್ಕಿಂತ ಫಲ ಕೊಡುವ ಇನ್ನೊಂದು ಹೆಜ್ಜೆ ನನಗೆ ತೋಚುವುದಿಲ್ಲ. ವರ್ಷಕ್ಕೊಮ್ಮೆ ಬ್ಯಾನರು ಕಟ್ಟಿ ನಡೆಸುವ ಶಿಬಿರ ಅದಕ್ಕೆ ಬದಲಿಯಲ್ಲ.

ಸರ್ಕಾರದ ಪಾಲು ಏನೆಂದು ಕೇಳಿದ್ದೀರಿ. ಖಾಸಗಿ ಆಸ್ಪತ್ರೆಗಳಿಗೆ ಆಯುಷ್ಮಾನ್ ಹಣ ಹರಿಯುತ್ತಿರುವಾಗ, 1966ರಲ್ಲಿ ಅಮೆರಿಕದವರು ಮಾಡಿದಂತೆ ಷರತ್ತು ಹಾಕುವುದು ಸಾಧ್ಯವಿದೆ: ದಾಖಲೆಯ ಕೊರತೆಗೆ ಹಿಂದೆ ಕಳುಹಿಸಿದವರೆಷ್ಟು, ನಡುವೆ ಚಿಕಿತ್ಸೆ ಬಿಟ್ಟವರೆಷ್ಟು, ಅವರು ಯಾವ ಸಮುದಾಯದವರು ಎಂಬ ಲೆಕ್ಕವನ್ನು, ಹೆಸರುಗಳನ್ನು ಗೋಪ್ಯವಾಗಿಟ್ಟು, ಪ್ರತಿ ಆಸ್ಪತ್ರೆಯೂ ಕೊಡಲಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆ ಕಾಯಬೇಕಾಗಿಲ್ಲ. ಅಲ್ಲಿ ಆರೋಗ್ಯ ರಕ್ಷಾ ಸಮಿತಿಗಳಿವೆ, ಊರಿನವರೂ ಅದರ ಸದಸ್ಯರಾಗಿರುತ್ತಾರೆ. ನಿಮ್ಮ ಪರಿಚಯದವರೊಬ್ಬರು ಆ ಸಮಿತಿಯಲ್ಲಿದ್ದರೆ, ಮುಂದಿನ ಸಭೆಯಲ್ಲಿ ಈ ಲೆಕ್ಕವನ್ನು ಕೇಳುವಂತೆ ಅವರಿಗೆ ಹೇಳಿ.