ಪ್ಯಾರಾಚೂಟ್ ಬಿಚ್ಚಿದರೂ ಯಾಕೆ ಬೀಳುತ್ತಲೇ ಇದ್ದಾರೆ?

ಗಂಗಾವತಿ ಹತ್ತಿರ ನಮ್ಮ ಕಣದಲ್ಲಿ ಭತ್ತ ತೂರುತ್ತಿದ್ದಾಗ ಅಕ್ಕನ ಮಗ ಮೊಬೈಲ್ ಹಿಡಿದು ಓಡಿ ಬಂದ. ಇಬ್ಬರು ಒಟ್ಟಿಗೆ ವಿಮಾನದಿಂದ ಜಿಗಿಯುವ ಟ್ಯಾಂಡೆಮ್ ಸ್ಕೈಡೈವಿಂಗ್ ವಿಡಿಯೋ. "ಮಾಮಾ, ಪ್ಯಾರಾಚೂಟ್ ಬಿಚ್ಚಿದೆ, ಆದ್ರೂ ಬೀಳ್ತಾನೇ ಇದ್ದಾರೆ. ಕೈಕೊಡ್ತಾ?" ಕಣದಲ್ಲಿದ್ದವರೆಲ್ಲ ಹೌದು ಹೌದು ಅಂದರು.

ಕೈಕೊಟ್ಟಿಲ್ಲ! ಬೆನ್ನ ಹಿಂದೆ ಹಾರುವ ಆ ಪುಟ್ಟ ಬಟ್ಟೆಯ ಹೆಸರು ಡ್ರೋಗ್. ಸುಮಾರು ಒಂದೂವರೆ ಮೀಟರ್ ಅಗಲ, ಅಷ್ಟೇ. ಟ್ಯಾಂಡೆಮ್ ಜಿಗಿತದ ಜಾಣತನವೆಲ್ಲ ಅದರಲ್ಲೇ ಇದೆ ಅಂತ ನನ್ನ ನಂಬಿಕೆ.

ತೂರುವಾಗ ಗಟ್ಟಿ ಕಾಳು ಕಾಲ ಬಳಿಯೇ ಬೀಳುತ್ತದೆ, ಜೊಳ್ಳು ಆಚೆ ಹೋಗುತ್ತದೆ. ಗಾತ್ರ ಹೆಚ್ಚುಕಡಿಮೆ ಒಂದೇ, ತೂಕ ಮಾತ್ರ ಬೇರೆ. ಆಕಾಶದಲ್ಲೂ ಅದೇ ಲೆಕ್ಕ. ಒಬ್ಬನೇ ಬೋರಲಾಗಿ ಬಿದ್ದರೆ ವೇಗ ಗಂಟೆಗೆ ಸುಮಾರು 190 ಕಿ.ಮೀ.ಗೆ ಬಂದು ನಿಲ್ಲುತ್ತದೆ, ಯಾಕಂದ್ರೆ ಅಲ್ಲಿಗೆ ಗಾಳಿಯ ತಡೆ ಅವನ ತೂಕಕ್ಕೆ ಸಮವಾಗಿರುತ್ತದೆ. ಕೆಳಗೆ ಅತಿಥಿ, ಅವರ ಬೆನ್ನಿಗಂಟಿ ತರಬೇತುದಾರ ಇದ್ದರೆ ತೂಕ ಎರಡು ಪಟ್ಟು, ಗಾಳಿಗೆ ಸಿಗುವ ಮೈ ಮಾತ್ರ ಹೆಚ್ಚುಕಡಿಮೆ ಒಬ್ಬರದೇ. ಹಾಗಾದರೆ ವೇಗವೂ ಎರಡು ಪಟ್ಟು ಅಲ್ವಾ? ಅಲ್ಲ. ವೇಗ 1.4 ಪಟ್ಟಾದರೆ ಸಾಕು, ತಡೆ 1.4ರ 1.4 ಪಟ್ಟು, ಅಂದರೆ ಸುಮಾರು ಎರಡು ಪಟ್ಟಾಗಿಬಿಡುತ್ತದೆ. ಅಂದರೆ 270ರ ಆಸುಪಾಸು. ಆದರೆ ದೊಡ್ಡ ಪ್ಯಾರಾಚೂಟ್ ಬಿಚ್ಚುವಾಗ ತಡೆಯಬೇಕಾದ ಶಕ್ತಿ ತೂಕದಿಂದ ಎರಡು ಪಟ್ಟು, ವೇಗದಿಂದ ಮತ್ತೆರಡು ಪಟ್ಟು, ಒಟ್ಟು ಒಬ್ಬನದಕ್ಕಿಂತ ನಾಲ್ಕು ಪಟ್ಟು! ಬಾವಿಗೆ ಇಳಿಯುತ್ತಿರುವ ತುಂಬಿದ ಕೊಡದ ಹಗ್ಗವನ್ನು ಗಕ್ಕನೆ ಹಿಡಿದು ನೋಡಿ, ಅಂಗೈ ಸುಲಿಯುತ್ತದೆ.

1980ರ ದಶಕದ ಮೊದಲಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಪ್ಯಾರಾಚೂಟ್ ತಯಾರಕರಾದ ಟೆಡ್ ಸ್ಟ್ರಾಂಗ್ ಮತ್ತು ಬಿಲ್ ಬೂತ್ ಬೇರೆಬೇರೆಯಾಗಿ ಟ್ಯಾಂಡೆಮ್ ಕಟ್ಟಿದಾಗ ಎದುರಾದದ್ದು ಇದೇ ಕಷ್ಟ. ಆಗ ಡ್ರೋಗ್ ಇರಲಿಲ್ಲ, ಪ್ಯಾರಾಚೂಟ್ ಬಿಚ್ಚಿದ ಏಟಿಗೆ ಮೈ ನಲುಗುತ್ತಿತ್ತು. (ಬೂತ್ ಸಾಮಾನ್ಯ ಮನುಷ್ಯ ಅಲ್ಲ. ಕೆಟ್ಟ ಪ್ಯಾರಾಚೂಟನ್ನು ಕ್ಷಣದಲ್ಲಿ ಕಳಚಿ ಬಿಸಾಡುವ ಮೂರು ಉಂಗುರದ ಕೊಂಡಿಯೂ ಅವರದೇ. ಒಂದು ಉಂಗುರದೊಳಗೆ ಇನ್ನೊಂದು ತೂರಿ, ಇಬ್ಬರ ಭಾರವನ್ನು ಕೊನೆಗೆ ಒಂದು ಸಣ್ಣ ದಾರದ ಕುಣಿಕೆ ಹಿಡಿದಿರುತ್ತದೆ!) ಅಮೆರಿಕದ ವಿಮಾನಯಾನ ಇಲಾಖೆ ವರ್ಷಗಟ್ಟಲೆ ಟ್ಯಾಂಡೆಮ್ ಜಿಗಿತವನ್ನು ಪ್ರಯೋಗ ಅಂತಲೇ ನಡೆಸಲು ಬಿಟ್ಟು, 2001ರಲ್ಲಿ ಕಾಯಂ ನಿಯಮ ಮಾಡಿತು.

ಡ್ರೋಗ್ ಮಾಡುವುದು ಇಷ್ಟೇ. ತುಡುಗು ದನದ ಕೊರಳಿಗೆ ಮರದ ತುಂಡು ಕಟ್ಟಿ ಬಿಡುತ್ತೇವಲ್ಲ, ಹಾಗೆ. ದನ ನಡೆಯುತ್ತದೆ, ಓಡಲಾಗುವುದಿಲ್ಲ. ಜಿಗಿದ ಕೆಲವೇ ಸೆಕೆಂಡಿಗೆ ತರಬೇತುದಾರ ಅದನ್ನು ಗಾಳಿಗೆ ಎಸೆಯುತ್ತಾರೆ, ವೇಗ ಮತ್ತೆ 190–200ರಲ್ಲಿ ನಿಲ್ಲುತ್ತದೆ. ಇಬ್ಬರು ಒಬ್ಬರಷ್ಟೇ ವೇಗದಲ್ಲಿ ಬೀಳುತ್ತಾರೆ. ಪಕ್ಕದಲ್ಲಿ ಕ್ಯಾಮೆರಾ ಹಿಡಿದವನು ಜೊತೆಗೇ ಇರಲು ಆಗುವುದೂ ಅದಕ್ಕೇ.

ನಮ್ಮ ಹುಡುಗ ವಿಡಿಯೋ ಹಿಂದೆ ಓಡಿಸಿ ಮತ್ತೆ ನೋಡಿದ. ಸುಮಾರು 5,000 ಅಡಿಯಲ್ಲಿ ತರಬೇತುದಾರರ ಕೈ ಸೊಂಟದ ಹತ್ತಿರ ಹೋಯಿತು, ಹಿಡಿಕೆ ಎಳೆದರು. ಅದೇ ಪುಟ್ಟ ಬಟ್ಟೆ ಈಗ ಬೆನ್ನ ಚೀಲದಿಂದ ದೊಡ್ಡ ಪ್ಯಾರಾಚೂಟನ್ನು ಎಳೆದು ತಂದಿತು. "ಓ, ಇದೇನಾ ಅಸಲಿದು!" ಅಂದ ಹುಡುಗ, ಮೊರ ಕೆಳಗಿಟ್ಟು ಎಲ್ಲರೂ ಮೊಬೈಲ್ ಸುತ್ತ ಸೇರಿದರು.